ಹೆಬ್ಬೆಟ್ಟಿನಿಂದ ಹನ್ನೆರಡು ಅಂಕಿಗಳವರೆಗೆ

ಒಂದು ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ದಾಖಲಾತಿ ಪುಸ್ತಕದಲ್ಲಿ ಬರೆಯುತ್ತಿದ್ದುದು ಇಷ್ಟೇ: ಮಗುವಿನ ಹೆಸರು, ತಂದೆಯ ಹೆಸರು, ಊರು, ಜಾತಿ, ಹುಟ್ಟಿದ ತಾರೀಖು. ತಾರೀಖು ಗೊತ್ತಿಲ್ಲವೆಂದರೆ ಯುಗಾದಿಗೆ ಹಿಂದೋ ಮುಂದೋ ಎಂದು ಕೇಳಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆ ಪುಸ್ತಕ ಹೆಡ್ ಮಾಸ್ಟರ ಬೀರುವಿನಲ್ಲಿ ಇರುತ್ತಿತ್ತು. ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿ ಇರುತ್ತಿತ್ತು.

ಈಗ ಹಾಗಲ್ಲ. ಮಗುವಿನ ಆಧಾರ್ ನಂಬರು, ತಾಯಿಯ ಆಧಾರ್ ನಂಬರು, ರೇಷನ್ ಕಾರ್ಡಿನ ನಂಬರು, ಬ್ಯಾಂಕ್ ಖಾತೆಯ ನಂಬರು, ಮೊಬೈಲ್ ನಂಬರು. ಇವುಗಳ ಮೇಲೆ ಯು-ಡೈಸ್ ಪ್ಲಸ್‌ನ ಶಾಶ್ವತ ಶಿಕ್ಷಣ ಸಂಖ್ಯೆ, ಅಪಾರ್ ಸಂಖ್ಯೆ. ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರದ ಕನ್ನಡ ಶಾಲೆಗಳಾಗಲಿ, ನಮ್ಮ ಚಿಲಮತ್ತೂರಿನ ಕಡೆಯಾಗಲಿ, ಎಲ್ಲ ಕಡೆಯೂ ಇದೇ ಪಟ್ಟಿ. ಬಾಗೇಪಲ್ಲಿಗೋ ಗೌರಿಬಿದನೂರಿಗೋ ಹೋಗುವ ಲಾರಿ ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ನಿಲ್ಲಬೇಕಾಗಬಹುದು. ಈ ನಂಬರುಗಳಿಗೆ ಗಡಿಯೇ ಇಲ್ಲ. ನಾವು ಒಮ್ಮೆ ಟೈಪ್ ಮಾಡಿದರೆ ಸಾಕು, ಅವು ಎಲ್ಲಿಗೆ ಹೋಗುತ್ತವೆ, ಯಾರು ನೋಡುತ್ತಾರೆ ಎಂಬುದು ಕೊಟ್ಟ ತಾಯಿಗೂ ತಿಳಿಯದು, ಬರೆದುಕೊಂಡ ಮೇಷ್ಟ್ರಿಗೂ ತಿಳಿಯದು.

ಸರ್ಕಾರ ಪ್ರಜೆಯ ಗುರುತನ್ನು ಕೇಳುವುದು ಯಾವಾಗ ಶುರುವಾಯಿತು? ಕೇಳಿದ್ದನ್ನೆಲ್ಲ ಕೊಡಲೇಬೇಕೇ? ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ. ಅದರಲ್ಲಿ ನಮ್ಮ ಕನ್ನಡದವರದೂ ನಮ್ಮ ಆಂಧ್ರದ್ದೂ ಮುಖ್ಯ ಪಾತ್ರ ಇದೆ. ಪಾಠದ ಪುಸ್ತಕದಲ್ಲಿ ಇದು ಬರುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಬೆರಳಿನ ಗುರುತು ಹುಟ್ಟಿದ್ದು ಹೇಗೆ?

ಬೆರಳಚ್ಚನ್ನು ಸರ್ಕಾರಿ ಕೆಲಸಕ್ಕೆ ಬಳಸುವ ಪದ್ಧತಿ ಬೆಳೆದದ್ದು ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ರಸ್ತೆಗೆ ಸಾಮಗ್ರಿ ಒದಗಿಸುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಹಚ್ಚಿ ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಮುಂದೆ ಆತ ಈ ಸಹಿ ನನ್ನದಲ್ಲ ಎಂದು ಹೇಳಬಾರದು ಎಂಬುದೇ ಉದ್ದೇಶ. ಇದೇ ಹರ್ಷೆಲ್ 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರ ಬೆರಳಚ್ಚು ತೆಗೆದುಕೊಳ್ಳುವುದನ್ನು ಜಾರಿಗೆ ತಂದ. ಪಿಂಚಣಿದಾರ ಸತ್ತ ಮೇಲೂ ಅವನ ಹೆಸರಿನಲ್ಲಿ ಬೇರೆಯವರು ಹಣ ಪಡೆಯಬಾರದು ಎಂಬುದು ಅವನ ಲೆಕ್ಕ. ಇಂದು ನಮ್ಮೂರಿನ ಅಜ್ಜಿ ಪಿಂಚಣಿಗಾಗಿ ಯಂತ್ರದ ಮೇಲೆ ಬೆರಳಿಡುವುದರ ಮೂಲ ಅಲ್ಲಿದೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿಯೇ ಆರಂಭವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರವನ್ನು ಬೆಳೆಸಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರೂ ಇದ್ದರು.

ಇಲ್ಲಿಯವರೆಗೆ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಇದೇ ಬೆರಳಚ್ಚಿಗೆ ಇನ್ನೊಂದು ಮುಖವಿದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದರು. ಮೊದಲು ಉತ್ತರ ಭಾರತದಲ್ಲಿದ್ದ ಇದು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ನಮ್ಮ ಅನಂತಪುರ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಊರೂರು ತಿರುಗಿ ಉಪ್ಪು, ಧಾನ್ಯ, ಬುಟ್ಟಿ ಮಾರಿ ಬದುಕುತ್ತಿದ್ದ ಕೊರಚ, ಎರುಕುಲ ಮೊದಲಾದ ಸಮುದಾಯಗಳ ಜನ ಈ ಪಟ್ಟಿಗೆ ಸೇರಿದರು. ಹೀಗೆ ಪಟ್ಟಿಗೆ ಸೇರಿಸಿದವರ ಹೆಸರು ನೋಂದಾಯಿಸಿ, ಬೆರಳಚ್ಚು ತೆಗೆದು, ಅವರು ಎಲ್ಲಿದ್ದಾರೆ ಎಂದು ಹಾಜರಿ ಕೇಳಲು ಕಾಯ್ದೆಯಲ್ಲಿ ಅವಕಾಶವಿತ್ತು. ಕಳ್ಳತನ ಮಾಡಿದ್ದಾನೋ ಇಲ್ಲವೋ ಎಂದು ಯಾರೂ ನೋಡಲಿಲ್ಲ, ಹುಟ್ಟಿದ ಜಾತಿಯೇ ತಪ್ಪಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1952ರ ಆಗಸ್ಟ್ 31ರಂದು ಈ ಕಾಯ್ದೆ ದೇಶದಲ್ಲಿ ರದ್ದಾಯಿತು.

ಒಂದೇ ಮಸಿ, ಒಂದೇ ಬೆರಳು. ಒಂದು ಕಡೆ ಪಿಂಚಣಿಯ ಹಣಕ್ಕೆ ಕಾವಲು, ಇನ್ನೊಂದು ಕಡೆ ಬಡವನ ಕಾಲಿಗೆ ಸರಪಳಿ. ಯಾರು ಕೇಳುತ್ತಾರೆ, ಯಾವ ಕಾನೂನಿನ ಕೆಳಗೆ ಕೇಳುತ್ತಾರೆ, ಪಡೆದದ್ದನ್ನು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಚರಿತ್ರೆಯ ಸಾರವೇ ಇದು.

ಅಮೆರಿಕದ ಪರ್ಸು

ಬೆರಳಿನ ನಂತರ ನಂಬರಿನ ಕಾಲ ಬಂತು. ಅಮೆರಿಕದಲ್ಲಿ 1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂತು. 1936ರ ಕೊನೆಯಲ್ಲಿ ಕೆಲಸಗಾರರಿಗೆ ಒಂಬತ್ತು ಅಂಕಿಗಳ ನಂಬರು ಕೊಡತೊಡಗಿದರು. ಮುಪ್ಪಿನ ಪಿಂಚಣಿಗಾಗಿ ಯಾರ ಸಂಬಳದಿಂದ ಎಷ್ಟು ಹಣ ಸೇರಿದೆ ಎಂದು ಲೆಕ್ಕ ಇಡಲು ಮಾತ್ರ ಅದು. 1946ರಿಂದ ಕೆಲವು ವರ್ಷ ಕಾರ್ಡಿನ ಮೇಲೆಯೇ "ಇದು ಗುರುತಿಗಾಗಿ ಅಲ್ಲ" ಎಂಬ ಅರ್ಥದ ಮಾತು ಅಚ್ಚಾಗುತ್ತಿತ್ತು. ಆದರೆ ಆದದ್ದೇನು? ತೆರಿಗೆಯವರು ಕೇಳಿದರು, ಸೈನ್ಯದವರು ಕೇಳಿದರು, ಬ್ಯಾಂಕಿನವರು, ಕಾಲೇಜಿನವರು ಎಲ್ಲರೂ ಕೇಳತೊಡಗಿದರು.

ಒಂದು ಘಟನೆ ತಮಾಷೆಯಾಗಿದೆ. 1938ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್‌ನ ಪರ್ಸ್ ತಯಾರಿಸುವ ಒಂದು ಕಂಪನಿ, ಕಾರ್ಡು ಪರ್ಸಿನಲ್ಲಿ ಹೇಗೆ ಕೂರುತ್ತದೆ ಎಂದು ತೋರಿಸಲು ಒಂದು ಮಾದರಿ ಕಾರ್ಡನ್ನು ಒಳಗಿಟ್ಟು ಮಾರಿತು. ಅದರ ಮೇಲೆ ಅಚ್ಚಾಗಿದ್ದುದು ಕಂಪನಿಯ ಒಬ್ಬ ಕಾರ್ಯದರ್ಶಿಯ ನಿಜವಾದ ನಂಬರು. ಪರ್ಸು ಕೊಂಡ ಜನ ಅದು ತಮಗೇ ಕೊಟ್ಟ ನಂಬರು ಎಂದು ತಿಳಿದು ಬಳಸತೊಡಗಿದರು. 1943ರಲ್ಲಿ 5,755 ಮಂದಿ ಅದನ್ನು ಬಳಸುತ್ತಿದ್ದರಂತೆ. ಒಟ್ಟಾರೆ 40,000ಕ್ಕೂ ಹೆಚ್ಚು ಜನ ಬಳಸಿದ್ದಾರೆ. ಪಾಪ, ಆ ಹೆಂಗಸಿಗೆ ಹೊಸ ನಂಬರು ಕೊಡಬೇಕಾಯಿತು. ನಂಬರು ಒಮ್ಮೆ ಬೀದಿಗೆ ಬಿದ್ದರೆ ಮತ್ತೆ ಹೆಕ್ಕಿಕೊಳ್ಳಲು ಆಗುವುದಿಲ್ಲ ಎಂಬ ಪಾಠ ಇದರಲ್ಲಿದೆ.

ಕೊನೆಗೆ 1974ರಲ್ಲಿ ಅಲ್ಲಿ ಖಾಸಗಿತನದ ಕಾಯ್ದೆ ಬಂತು. ಅದರ 7ನೇ ಕಲಮು ಪ್ರತಿಯೊಬ್ಬ ಮೇಷ್ಟ್ರೂ ತಿಳಿದಿರಬೇಕಾದದ್ದು. ಯಾವುದೇ ಸರ್ಕಾರಿ ಕಚೇರಿ ಪ್ರಜೆಯ ಈ ನಂಬರನ್ನು ಕೇಳಿದರೆ ಮೂರು ವಿಷಯ ತಿಳಿಸಬೇಕು. ಮೊದಲನೆಯದು, ಕೊಡುವುದು ಕಡ್ಡಾಯವೋ ಐಚ್ಛಿಕವೋ? ಎರಡನೆಯದು, ಯಾವ ಕಾನೂನಿನ ಅಧಿಕಾರದಿಂದ ಕೇಳುತ್ತಿದ್ದೀರಿ? ಮೂರನೆಯದು, ಅದನ್ನು ಯಾವುದಕ್ಕೆ ಬಳಸುತ್ತೀರಿ? ಈ ಮೂರು ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ನಮ್ಮ ಕಡೆಗೆ ಬಂದದ್ದು

ನಮ್ಮ ಆಂಧ್ರಪ್ರದೇಶ ಇಂತಹ ಪ್ರಯೋಗಗಳಲ್ಲಿ ದೇಶಕ್ಕಿಂತ ಮುಂದೆ ಇತ್ತು. 2005ರ ಸುಮಾರಿಗೇ ನಕಲಿ ರೇಷನ್ ಕಾರ್ಡು ತಡೆಯಲೆಂದು ಜನರನ್ನು ಕ್ಯಾಮೆರಾದ ಮುಂದೆ ಕೂರಿಸಿ ಕಣ್ಣಿನ ಪಾಪೆಯ ಚಿತ್ರ ತೆಗೆಯತೊಡಗಿದ್ದರು. ಆಮೇಲೆ 2009ರ ಜನವರಿಯಲ್ಲಿ ಕೇಂದ್ರ ಸರ್ಕಾರ ಗುರುತಿನ ಪ್ರಾಧಿಕಾರವನ್ನು ರಚಿಸಿತು. ಬೆಂಗಳೂರಿನ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೆಂಬ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ನಂಬರು ಕೊಡಲಾಯಿತು. ಕರ್ನಾಟಕದಲ್ಲಿ ಮೊದಲಿಗೆ ಆರಿಸಿಕೊಂಡದ್ದು ಮೈಸೂರು ಮತ್ತು ನಮ್ಮ ಮಡಕಶಿರಾಕ್ಕೆ ಅಂಟಿಕೊಂಡ ತುಮಕೂರು ಜಿಲ್ಲೆಗಳನ್ನು.

ಆಧಾರ್ ನಂಬರಿನಲ್ಲಿ ಹನ್ನೆರಡು ಅಂಕಿಗಳಿವೆ. ಅದು ಸೊನ್ನೆಯಿಂದಾಗಲಿ ಒಂದರಿಂದಾಗಲಿ ಆರಂಭವಾಗುವುದಿಲ್ಲ. ಕೊನೆಯ ಅಂಕಿ ಲೆಕ್ಕ ತಾಳೆ ನೋಡಲು ಇರುವುದು. ಅಂಕಿಗಳಲ್ಲಿ ಜಾತಿಯಾಗಲಿ, ಊರಾಗಲಿ, ವಯಸ್ಸಾಗಲಿ ಅಡಗಿಲ್ಲ. ಇದು ಒಳ್ಳೆಯ ಸಂಗತಿಯೇ. ಅಪಾಯ ಇರುವುದು ಬೇರೆ ಕಡೆ. ರೇಷನ್, ಬ್ಯಾಂಕು, ಮೊಬೈಲು, ಆಸ್ಪತ್ರೆ, ಶಾಲೆ ಎಲ್ಲ ಪುಸ್ತಕಗಳಲ್ಲೂ ಒಂದೇ ನಂಬರು ಬರೆದರೆ, ಆ ಪುಸ್ತಕಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದಂತೆ. ದಾರದ ತುದಿ ಯಾರ ಕೈಯಲ್ಲಿದೆಯೋ ಅವರಿಗೆ ಒಬ್ಬನ ಬದುಕಿನ ಹಾಳೆಗಳೆಲ್ಲ ಸಿಗುತ್ತವೆ.

ಇನ್ನೊಂದು ತೊಡಕೂ ಇತ್ತು. ಇಷ್ಟೆಲ್ಲ ನಡೆಯುವಾಗ ಅದಕ್ಕೊಂದು ಕಾನೂನೇ ಇರಲಿಲ್ಲ. 2010ರ ಡಿಸೆಂಬರ್‌ನಲ್ಲಿ ಮಸೂದೆ ಮಂಡಿಸಿದರು. 2011ರ ಡಿಸೆಂಬರ್‌ನಲ್ಲಿ ಯಶವಂತ ಸಿನ್ಹಾ ಅಧ್ಯಕ್ಷತೆಯ ಸಂಸತ್ತಿನ ಸ್ಥಾಯಿ ಸಮಿತಿ ಆ ರೂಪದಲ್ಲಿ ಅದನ್ನು ಒಪ್ಪಲಿಲ್ಲ. ಆದರೂ ಸರ್ಕಾರಿ ಆದೇಶದ ಬಲದ ಮೇಲೆಯೇ ನೋಂದಣಿ ಸಾಗಿತು.

ಎಂಬತ್ತಾರರ ಹಿರಿಯರ ಪ್ರಶ್ನೆ

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 1926ರಲ್ಲಿ ಹುಟ್ಟಿದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, 1952ರಲ್ಲಿ ವಕೀಲರಾಗಿ, 1977ರಲ್ಲಿ ಹೈಕೋರ್ಟಿನ ನ್ಯಾಯಾಧೀಶರಾದರು. ನಿವೃತ್ತಿಯ ನಂತರ ನಮ್ಮ ಆಂಧ್ರಪ್ರದೇಶದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರೂ ಆಗಿದ್ದರು. ಹೀಗಾಗಿ ಗಡಿಯ ಎರಡೂ ಕಡೆಯವರು ಅವರನ್ನು ನಮ್ಮವರು ಎನ್ನಬಹುದು. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ ಅವರು ಅರ್ಜಿ ಹಾಕಿದರು. ಸಂಸತ್ತು ಒಪ್ಪದ ಕೆಲಸವನ್ನು ಸರ್ಕಾರ ಆದೇಶದಿಂದ ಮಾಡುವುದು ಹೇಗೆ, ಪ್ರಜೆಯ ಮೈಗುರುತುಗಳನ್ನು ಕಾನೂನಿಲ್ಲದೆ ಸಂಗ್ರಹಿಸುವುದು ಹೇಗೆ ಎಂಬುದು ಅವರ ಪ್ರಶ್ನೆ.

ಮುಂದೆ ಈ ವಿಷಯದಲ್ಲಿ ಅರ್ಜಿ ಹಾಕಿದವರಲ್ಲಿ ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್. ಜಿ. ವೊಂಬತ್ಕೆರೆ, ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಬಾಲಕಾರ್ಮಿಕ ಮಕ್ಕಳನ್ನು ಶಾಲೆಗೆ ತಂದ ಹೈದರಾಬಾದಿನ ಶಾಂತಾ ಸಿನ್ಹಾ ಇದ್ದಾರೆ. ಶಾಂತಾ ಸಿನ್ಹಾ ಅವರ ಹೆಸರು ಮೇಷ್ಟ್ರುಗಳಿಗೆ ಹೊಸದಲ್ಲ.

2013ರ ಸೆಪ್ಟೆಂಬರ್ 23ರಂದು ಕೋರ್ಟು, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರೂ ತೊಂದರೆಪಡಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. 2015ರಲ್ಲಿ ಕೇಂದ್ರ ಸರ್ಕಾರದ ವಕೀಲರು ಬೇರೆಯದೇ ವಾದ ಎತ್ತಿದರು. ಖಾಸಗಿತನ ಎಂಬುದು ಸಂವಿಧಾನದ ಮೂಲಭೂತ ಹಕ್ಕೇ ಅಲ್ಲ ಎಂದರು. ಅದಕ್ಕೆ 1954ರ ಎಂಟು ನ್ಯಾಯಾಧೀಶರ ಮತ್ತು 1962ರ ಆರು ನ್ಯಾಯಾಧೀಶರ ಹಳೆಯ ತೀರ್ಪುಗಳನ್ನು ತೋರಿಸಿದರು. ಹೀಗಾಗಿ ಆ ತೀರ್ಪುಗಳಿಗಿಂತ ದೊಡ್ಡ ಪೀಠವೇ ಕೂರಬೇಕಾಯಿತು. 2017ರಲ್ಲಿ ಒಂಬತ್ತು ನ್ಯಾಯಾಧೀಶರು ಕೂತರು. ಅವರಲ್ಲಿ ಒಬ್ಬರು ಕೃಷ್ಣಾ ಜಿಲ್ಲೆಯ ಚಲಮೇಶ್ವರ್. ಇನ್ನೊಬ್ಬರು ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಅಬ್ದುಲ್ ನಜೀರ್. ಇವರೇ 2023ರಲ್ಲಿ ನಮ್ಮ ಆಂಧ್ರದ ರಾಜ್ಯಪಾಲರಾದರು.

ವಾದದಲ್ಲಿ ಒಂದು ಮಾತು ಬಂತು. ಬಡವರಿಗೆ ಬೇಕಾದದ್ದು ಅನ್ನ, ಖಾಸಗಿತನ ಉಳ್ಳವರ ಚಿಂತೆ ಎಂಬರ್ಥದ ಮಾತು. ನಮ್ಮಲ್ಲೂ ಎಷ್ಟೋ ಮಂದಿ ಹೀಗೆ ಹೇಳುವುದುಂಟು. ಕೋರ್ಟು ಇದನ್ನು ಒಪ್ಪಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ, ಖಾಸಗಿತನವು ಸಂವಿಧಾನದ 21ನೇ ವಿಧಿಯ ಬದುಕು ಮತ್ತು ಸ್ವಾತಂತ್ರ್ಯದ ಹಕ್ಕಿನೊಳಗೇ ಇದೆ ಎಂದು ತೀರ್ಪು ಕೊಟ್ಟರು. ಅನ್ನ ಕೊಡುತ್ತೇನೆ, ಮಾನ ಬಿಡು ಎಂದು ಕೇಳುವ ಹಾಗಿಲ್ಲ ಎಂಬುದು ಇದರ ತಾತ್ಪರ್ಯ. ಮಾನವಾಗಿ ಬಾಳುವುದು ಬಡವರಿಗೂ ಬೇಕಲ್ಲವೇ? ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಇಂದು ಕಾನೂನು ಓದುವ ಪ್ರತಿ ವಿದ್ಯಾರ್ಥಿಯ ಬಾಯಲ್ಲಿದೆ.

ಸೋರಿದ ಪುಸ್ತಕಗಳು

ಇದು ಬರಿಯ ಕೋರ್ಟಿನ ಚರ್ಚೆಯಲ್ಲ. 2016ರ ಮಾರ್ಚ್‌ನಲ್ಲಿ ಆಧಾರ್ ಕಾಯ್ದೆ ಬಂತು. ಆಧಾರ್ ನಂಬರನ್ನು ಬಹಿರಂಗವಾಗಿ ಪ್ರಕಟಿಸಬಾರದು ಎಂದು ಅದರ 29ನೇ ಕಲಮಿನಲ್ಲಿದೆ. ಆದರೂ 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆ ಒಂದು ವರದಿ ಹೊರತಂದಿತು. ನಾಲ್ಕು ಸರ್ಕಾರಿ ಜಾಲತಾಣಗಳಲ್ಲಿ ಸುಮಾರು 13 ಕೋಟಿ ಆಧಾರ್ ನಂಬರುಗಳು ಯಾರು ಬೇಕಾದರೂ ನೋಡುವಂತೆ ಇದ್ದವು ಎಂದು ಅದರ ಅಂದಾಜು. ಆ ನಾಲ್ಕರಲ್ಲಿ ಎರಡು ನಮ್ಮ ಆಂಧ್ರಪ್ರದೇಶದವು: ಉಪಾಧಿ ಹಾಮಿ ಕೂಲಿ ಪಾವತಿಯದು ಒಂದು, ಚಂದ್ರನ್ನ ಬೀಮಾ ಯೋಜನೆಯದು ಇನ್ನೊಂದು. ಮಣ್ಣು ಹೊತ್ತು ಕೂಲಿ ಪಡೆದವರ ನಂಬರುಗಳು ಅವು.

2018ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಸಂಶೋಧಕ ಶ್ರೀನಿವಾಸ್ ಕೊಡಾಲಿ ಇನ್ನೊಂದನ್ನು ತೋರಿಸಿದರು. ಆಂಧ್ರಪ್ರದೇಶ ಗೃಹನಿರ್ಮಾಣ ನಿಗಮದ ಜಾಲತಾಣದಲ್ಲಿ ಸುಮಾರು 1,34,000 ಫಲಾನುಭವಿಗಳ ಆಧಾರ್ ನಂಬರು, ಬ್ಯಾಂಕ್ ಖಾತೆ, ಮೊಬೈಲ್, ಪಂಚಾಯಿತಿ, ಜೊತೆಗೆ ಜಾತಿ ಮತ್ತು ಧರ್ಮ ಎಲ್ಲವೂ ತೆರೆದಿದ್ದವು. ವಿಷಯ ಹೊರಬಿದ್ದ ಮೇಲೆ ಮುಚ್ಚಿದರು. 1911ರ ಪಟ್ಟಿಯ ಚರಿತ್ರೆ ಬಲ್ಲವರಿಗೆ, ಹೆಸರು, ಊರು, ಜಾತಿ ಒಂದೇ ಸಾಲಿನಲ್ಲಿ ಕೂತಿರುವುದನ್ನು ಕಂಡರೆ ಎದೆ ಝಲ್ಲೆನ್ನದೆ ಇರದು.

2023ರಲ್ಲಿ ಕರ್ನಾಟಕದಲ್ಲಿ ಬೇರೊಂದು ಮೋಸ ಬೆಳಕಿಗೆ ಬಂತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ನಂಬರನ್ನೂ ಕದ್ದು, ಬೆರಳಚ್ಚಿನ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಜನರ ಖಾತೆಯಿಂದ ಹಣ ಹೊಡೆದಿದ್ದರು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಬೆರಳು ಕಳುವಾದರೆ ಏನು ಬದಲಾಯಿಸುವುದು? 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಮೇಷ್ಟ್ರುಗಳು ಲಾಂದ್ರದ ಬೆಳಕಿನಲ್ಲಿ ಕೂತು, ಹೆಬ್ಬೆಟ್ಟು ಒತ್ತಬೇಡಿ, ಸಹಿ ಮಾಡಿ ಎಂದು ಊರೂರಲ್ಲಿ ಕಲಿಸಿದರು. ಈಗ ಪದವೀಧರನೂ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ. ಕಾಲ ಹೇಗೆ ತಿರುಗುತ್ತದೆ ನೋಡಿ.

ಶಾಲೆಗೆ ಸಂಬಂಧಿಸಿದ್ದು

ಮೇಷ್ಟ್ರುಗಳೂ ಪೋಷಕರೂ ತಿಳಿಯಬೇಕಾದದ್ದು 2018ರ ಸೆಪ್ಟೆಂಬರ್ 26ರ ತೀರ್ಪು. ಐವರು ನ್ಯಾಯಾಧೀಶರಲ್ಲಿ ನಾಲ್ವರು ಆಧಾರ್ ಕಾಯ್ದೆಯನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಒಬ್ಬರೇ ಕಾಯ್ದೆಯೇ ಸಂವಿಧಾನಬಾಹಿರ ಎಂದರು. ಬಹುಮತದ ತೀರ್ಪಿನಲ್ಲಿ ಸರ್ಕಾರದ ಸಬ್ಸಿಡಿ, ಸೌಲಭ್ಯಗಳಿಗೆ ಆಧಾರ್ ಕೇಳಬಹುದು, ಪ್ಯಾನ್ ಕಾರ್ಡಿಗೆ ಜೋಡಿಸಬಹುದು. ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಕಡ್ಡಾಯ ಮಾಡುವಂತಿಲ್ಲ. ಶಾಲೆಗೆ ಸಂಬಂಧಿಸಿದ ಮಾತುಗಳು ಇವು: ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ, ಏಕೆಂದರೆ 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಮೂಲಭೂತ ಹಕ್ಕು, ಅದು ಸಬ್ಸಿಡಿಯಲ್ಲ. ಮಗುವಿನ ಆಧಾರ್ ನೋಂದಣಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಆಧಾರ್ ತೋರಿಸಲು ಆಗದ ಮಗುವಿಗೆ ಯೋಜನೆಯ ಸೌಲಭ್ಯ ನಿರಾಕರಿಸಬಾರದು, ಬೇರೆ ದಾಖಲೆ ನೋಡಿ ಕೊಡಬೇಕು. 2019ರ ತಿದ್ದುಪಡಿಯಂತೆ ಮಗು 18 ತುಂಬಿದ ಆರು ತಿಂಗಳೊಳಗೆ ಬೇಡವೆಂದರೆ ತನ್ನ ಆಧಾರನ್ನು ರದ್ದು ಮಾಡಿಸಿಕೊಳ್ಳಬಹುದು.

2017ರ ಫೆಬ್ರವರಿ ಕೊನೆಯಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೂ ಆಧಾರ್ ಬೇಕೆಂದು ಕೇಂದ್ರ ಪ್ರಕಟಣೆ ಹೊರಡಿಸಿತ್ತು. ದೇಶದಾದ್ಯಂತ ಗಲಾಟೆಯಾದ ಮೇಲೆ, ಆಧಾರ್ ಇಲ್ಲವೆಂದು ಯಾರಿಗೂ ಊಟ ನಿಲ್ಲಿಸುವುದಿಲ್ಲ ಎಂದು ಸ್ಪಷ್ಟನೆ ಕೊಟ್ಟಿತು. ಕೇಳುವವರಿದ್ದರೆ ಉತ್ತರ ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

2023ರಿಂದ ಅಪಾರ್ ಬಂದಿದೆ. ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿ, ಪ್ರಮಾಣಪತ್ರಗಳನ್ನೆಲ್ಲ ಒಂದೇ ಕಡೆ ಇಡುವ ಹನ್ನೆರಡು ಅಂಕಿಗಳ ಸಂಖ್ಯೆ ಇದು. ಟಿ.ಸಿ. ಕಳೆದುಕೊಂಡು ಅಲೆಯುವುದು ತಪ್ಪುತ್ತದೆ ಎಂಬುದು ನಿಜವಾದ ಅನುಕೂಲ. ಅದಕ್ಕೆ ಆಧಾರ್ ಬೇಕು, ಪೋಷಕರ ಒಪ್ಪಿಗೆ ಪತ್ರವೂ ಬೇಕು. ಇದು ಐಚ್ಛಿಕ ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿದೆ, ಕೊಟ್ಟ ಒಪ್ಪಿಗೆಯನ್ನು ಹಿಂದೆ ಪಡೆಯಲೂ ಅವಕಾಶವಿದೆ. ಆದರೆ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಅಚ್ಚಾದ ಒಪ್ಪಿಗೆ ಪತ್ರವನ್ನು ಕನ್ನಡ ಮಾತ್ರ ಓದಬಲ್ಲ ತಾಯಿಯ ಮುಂದೆ ಇಟ್ಟು "ಇಲ್ಲಿ ಸಹಿ ಹಾಕಮ್ಮ" ಎಂದರೆ ಅದು ಒಪ್ಪಿಗೆ ಆಗುತ್ತದೆಯೇ? ಓದಿ ಹೇಳಿದರೆ ಮಾತ್ರ ಅದು ಒಪ್ಪಿಗೆ. ಭಾಷೆಯ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಗಡಿನಾಡಿನಲ್ಲಿ ಇರುವ ನಂಟು ಇದೇ.

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಗೆ ಬರುವಂಥವು. ಕಾನೂನು ಏನೇ ಇರಲಿ, ನಂಬರು ಮೊದಲು ಬರೆದುಕೊಳ್ಳುವ ಕೈ ಮೇಷ್ಟ್ರದು. ಮೇಲಿನವರು ಕೇಳಿದ್ದಾರೆ ಎಂದು ಮೇಷ್ಟ್ರು, ಮೇಷ್ಟ್ರು ಕೇಳಿದ್ದಾರೆ ಎಂದು ತಾಯಿ. ಹೀಗೆ ಸರಪಳಿ ಸಾಗಿದರೆ ಯಾರೂ ಪ್ರಶ್ನೆ ಕೇಳುವವರೇ ಇರುವುದಿಲ್ಲ.

ಆದ್ದರಿಂದ ಮಿತ್ರರೇ, ನಾವೆಲ್ಲ ಮಾಡಬಹುದಾದ ಸಣ್ಣ ಕೆಲಸಗಳು ಕೆಲವಿವೆ. ಮಕ್ಕಳ ಆಧಾರ್ ನಂಬರುಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಬೇಡ, ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಜೆರಾಕ್ಸ್ ಪ್ರತಿಗಳನ್ನು ರದ್ದಿಗೆ ಹಾಕದೆ ಹರಿದು ಸುಡೋಣ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ, ಅಷ್ಟು ಸಾಕಾಗುವ ಕಡೆ ಅದನ್ನೇ ಪಡೆಯೋಣ. ಬೆರಳಚ್ಚನ್ನು ಬೀಗ ಹಾಕಿಡುವ ಸೌಕರ್ಯವೂ ಅಲ್ಲೇ ಇದೆ, ಪೋಷಕರ ಸಭೆಯಲ್ಲಿ ಅದನ್ನು ತಿಳಿಸೋಣ.

ಎಲ್ಲಕ್ಕಿಂತ ಮುಖ್ಯ, ಆ ಮೂರು ಪ್ರಶ್ನೆಗಳು. ಕಡ್ಡಾಯವೋ ಐಚ್ಛಿಕವೋ? ಯಾವ ಕಾನೂನಿನ ಪ್ರಕಾರ? ಯಾವುದಕ್ಕೆ ಬಳಸುತ್ತೀರಿ? ಒಬ್ಬ ತಾಯಿ ನಮ್ಮ ಮುಂದೆ ನಿಂತು ಈ ಮೂರನ್ನು ಕೇಳಿದರೆ ಸಿಟ್ಟಾಗದೆ, ಅವಳಿಗೆ ತಿಳಿಯುವ ಕನ್ನಡದಲ್ಲಿ ಉತ್ತರ ಹೇಳೋಣ. ಉತ್ತರ ನಮಗೂ ಗೊತ್ತಿಲ್ಲದಿದ್ದರೆ ಮೇಲಿನವರನ್ನು ಕೇಳಿ ತಿಳಿದು ಹೇಳೋಣ. ಸಮಾಜ ಪಾಠದಲ್ಲಿ 21ನೇ ವಿಧಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದು ದಾಖಲಾತಿಯ ಮೇಜಿನ ಮೇಲೂ ಇರಲಿ.